ವೇಷದ ಹಿಂದಿನ ಕೈಗಳು: ಕಾಸ್‌ಪ್ಲೇ ಸಮಾವೇಶದ ಚೌಕಿಯಲ್ಲಿ ಸ್ವಯಂಸೇವಕರಾಗುವ ಬಗೆ

ಒಂಬತ್ತನೆಯ ಸ್ಪರ್ಧಿಗೆ ಮೂಗು ತುರಿಸುತ್ತಿತ್ತು. ಎರಡೂ ಕೈಗಳಿಗೆ ಮೊಳಕೈವರೆಗೆ ಫೋಮಿನ ಉಗುರುಗವಸು, ತಲೆಯನ್ನೆಲ್ಲ ಮುಚ್ಚಿದ ಮುಖವಾಡ, ರಂಗಕ್ಕೆ ಹೋಗಲು ಇನ್ನು ನಾಲ್ಕೇ ನಿಮಿಷ. ಆ ಹುಡುಗ ಯಾರಿಗೂ ಹೇಳಲಾರದೆ ಮುಖವನ್ನು ಗೋಡೆಗೆ ಒತ್ತಿ ಉಜ್ಜಲು ನೋಡುತ್ತಿದ್ದ. ನಾನು ಐಸ್‌ಕ್ರೀಮ್ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಮುಖವಾಡದ ಹೊಳ್ಳೆಯೊಳಗೆ ತೂರಿಸಿ, "ಇಲ್ಲಿಯೇ? ಇನ್ನೂ ಮೇಲೆಯೇ?" ಎಂದು ಕೇಳುತ್ತ ತುರಿಸಿಕೊಟ್ಟೆ. ಅವನು ಬಿಟ್ಟ ನಿಟ್ಟುಸಿರು ಮುಖವಾಡದೊಳಗಿಂದಲೂ ಕೇಳಿಸಿತು. ಈ ಕೆಲಸ ಎಂಥದ್ದು ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ನಮ್ಮ ಭಾಷೆಯಲ್ಲಿ ವೇಷ ಹಾಕುವುದು ಎನ್ನುವುದಕ್ಕಿಂತ ವೇಷ ಕಟ್ಟುವುದು ಎಂಬ ಮಾತಿಗೆ ತೂಕ ಹೆಚ್ಚು. ಕಟ್ಟಿಕೊಂಡವರು ಆ ಹೊತ್ತಿಗೆ ಕಟ್ಟುಬಿದ್ದವರೂ ಹೌದು. ಕಣ್ಣು, ಕಿವಿ, ಕೈ, ಸೊಂಟ ಇವುಗಳಲ್ಲಿ ಒಂದೆರಡನ್ನಾದರೂ ವೇಷಕ್ಕೆ ಒಪ್ಪಿಸಿರುತ್ತಾರೆ. ಅವರು ಒಪ್ಪಿಸಿದ್ದನ್ನು ಕೆಲವು ಗಂಟೆಗಳ ಮಟ್ಟಿಗೆ ತುಂಬಿಕೊಡುವುದೇ ನೇಪಥ್ಯದ ಸ್ವಯಂಸೇವೆ. ನಾನು ಕರಾವಳಿಯವಳು. ಚಿಕ್ಕಂದಿನಲ್ಲಿ ಸೋದರಮಾವನ ಕೈಹಿಡಿದು ಯಕ್ಷಗಾನದ ಚೌಕಿಗೆ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗಕ್ಕೆ, ಹೋಗಿ ಮೂಲೆಯಲ್ಲಿ ಕುಳಿತು ನೋಡುತ್ತಿದ್ದೆ. ರಾಕ್ಷಸ ಪಾತ್ರಗಳ ಬಣ್ಣದ ವೇಷಕ್ಕೆ ಮುಖದ ಮೇಲೆ ಗಂಟೆಗಟ್ಟಲೆ ಅಕ್ಕಿಹಿಟ್ಟಿನ ಚುಟ್ಟಿ ಇಡುವುದು, ಕಿರೀಟದ ಕಟ್ಟನ್ನು ಇನ್ನೊಬ್ಬರು ಬಿಗಿಯುವುದು, ಯಾರು ಎಲ್ಲಿ ಕೂರಬೇಕೆಂಬ ಕ್ರಮ, ಎಲ್ಲ ಅಲ್ಲಿ ಕಂಡದ್ದು. ಅಭಿಮಾನಿಗಳು ತಮ್ಮ ಮೆಚ್ಚಿನ ಕಥೆ, ಸಿನಿಮಾಗಳ ಪಾತ್ರದಂತೆ ವೇಷ ಕಟ್ಟುವುದೇ ಕಾಸ್‌ಪ್ಲೇ. ಬೆಂಗಳೂರಿಗೆ ಬಂದು ಮೊದಲ ಕಾಸ್‌ಪ್ಲೇ ಸ್ಪರ್ಧೆಯ ಗ್ರೀನ್ ರೂಮಿಗೆ ಕಾಲಿಟ್ಟಾಗ ನನಗೆ ಕಂಡದ್ದು ಇನ್ನೊಂದು ಚೌಕಿ. ಆದ್ದರಿಂದ ಈ ಬರಹದಲ್ಲಿ ಗ್ರೀನ್ ರೂಮನ್ನು ಚೌಕಿ ಎಂದೇ ಕರೆಯುತ್ತೇನೆ.

ಅಭಿಮಾನಿಗಳು ವೇಷ ಕಟ್ಟಿ ಸೇರುವ ಪದ್ಧತಿಗೆ ಎಂಬತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. 1939ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮೊದಲ ವಿಶ್ವ ವಿಜ್ಞಾನಕಥಾ ಸಮಾವೇಶಕ್ಕೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಾಸ್ ಎಂಬ ಅಭಿಮಾನಿಗಳು ಭವಿಷ್ಯದ ಉಡುಪು ತೊಟ್ಟು ಬಂದರು. ಎರಡನ್ನೂ ಹೊಲಿದವರು ಡಗ್ಲಾಸ್. ಆಗಿನಿಂದಲೂ ವೇಷದ ಹಿಂದೆ ಸೂಜಿ ಹಿಡಿದ ಕೈಯೊಂದು ಇದ್ದೇ ಇದೆ. ಮರುವರ್ಷ ಷಿಕಾಗೊ ಸಮಾವೇಶದಲ್ಲಿ ವೇಷಧಾರಿಗಳ ಕೂಟವೇ ನಡೆಯಿತು. ವೇಷಕ್ಕೆಂದೇ ಮೀಸಲಾದ ಕಾಸ್ಟ್ಯೂಮ್ ಕಾನ್ 1983ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಆರಂಭವಾಯಿತು. ಕಾಸ್‌ಪ್ಲೇ ಎಂಬ ಪದವನ್ನು ಅದೇ ದಶಕದಲ್ಲಿ ಜಪಾನಿನ ನೊಬುಯುಕಿ ತಕಾಹಾಶಿ ಚಲಾವಣೆಗೆ ತಂದರು. ಕಾಮಿಕ್ಸ್ ಅಭಿಮಾನಿಗಳ ಸಮಾವೇಶವಾದ ಕಾಮಿಕ್ ಕಾನ್ ಇಂಡಿಯಾ 2011ರಲ್ಲಿ ದೆಹಲಿಯಲ್ಲಿ ಹುಟ್ಟಿ, ಮರುವರ್ಷವೇ ಬೆಂಗಳೂರಿಗೂ ಬಂದಿತು. ಈಚಿನ ವರ್ಷಗಳಲ್ಲಿ ಅದು ವೈಟ್‌ಫೀಲ್ಡಿನ ಕೆಟಿಪಿಒ ವಸ್ತುಪ್ರದರ್ಶನ ಆವರಣದಲ್ಲಿ ನಡೆಯುತ್ತಿದೆ. ಚೌಕಿಯ ಕಟ್ಟುಕಟ್ಟಳೆಗಳಲ್ಲಿ ಬಹುಪಾಲು ಅಮೆರಿಕದ ಅಭಿಮಾನಿ ಸಮಾವೇಶಗಳಲ್ಲಿ ರೂಪುಗೊಂಡವು. ಅವುಗಳಲ್ಲಿ ನಮಗೆ ಒಗ್ಗುವುದನ್ನೂ, ಇಲ್ಲಿಯ ಸೆಕೆಯಲ್ಲಿ ನಾವೇ ಕಲಿತದ್ದನ್ನೂ ಸೇರಿಸಿ ಹೇಳುತ್ತೇನೆ.

ಮೊದಲ ಹೆಜ್ಜೆ: ಯಾವ ಸಮಾವೇಶ, ಯಾವ ಕೆಲಸ

ಸಮಾವೇಶಗಳಲ್ಲಿ ಎರಡು ಬಗೆ. ಅಭಿಮಾನಿಗಳೇ ಸೇರಿ ನಡೆಸುವುದು ಒಂದು. ಅಲ್ಲಿ ಅಧ್ಯಕ್ಷರಿಂದ ಹಿಡಿದು ಬಾಗಿಲು ಕಾಯುವವರವರೆಗೆ ಎಲ್ಲರೂ ಸ್ವಯಂಸೇವಕರು. ವಿಶ್ವ ವಿಜ್ಞಾನಕಥಾ ಸಮಾವೇಶದಲ್ಲಿ ದುಡಿಯುವವರೂ ಸಾಮಾನ್ಯವಾಗಿ ಸದಸ್ಯತ್ವದ ಹಣ ಕೊಟ್ಟೇ ಬರುತ್ತಾರೆ. ಇನ್ನೊಂದು ಕಂಪನಿಗಳು ನಡೆಸುವುದು. ಅಲ್ಲಿ ದೀಪ, ಧ್ವನಿ, ರಂಗವನ್ನು ಗುತ್ತಿಗೆಯವರು ನೋಡಿಕೊಳ್ಳುತ್ತಾರೆ. ಸ್ವಯಂಸೇವಕರಿಗೆ ಜನಸಂದಣಿ, ನೋಂದಣಿ ಮತ್ತು ಚೌಕಿಯ ಕೆಲಸ ಸಿಗುತ್ತದೆ. ನಮ್ಮ ದೊಡ್ಡ ನಗರಗಳಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯ ಬಗೆ.

ಹೊಸಬರು ಕಾಲೇಜು ಉತ್ಸವದ ಕಾಸ್‌ಪ್ಲೇ ಸ್ಪರ್ಧೆಯಿಂದ ಆರಂಭಿಸುವುದು ಒಳ್ಳೆಯದು. ಹತ್ತು ಹದಿನೈದು ವೇಷಗಳು, ಒಂದೇ ಕೋಣೆ, ಒಂದು ಸಂಜೆ. ಅಲ್ಲಿ ತಪ್ಪಿದರೂ ತಿದ್ದಿಕೊಳ್ಳಲು ಅವಕಾಶವಿರುತ್ತದೆ. ಸಾವಿರಾರು ಜನ ಸೇರುವಲ್ಲಿ ಮೊದಲ ಬಾರಿಗೆ ವಾಕಿಟಾಕಿ ಹಿಡಿದರೆ ಯಾರ ಮಾತು ಯಾರಿಗೆ ಎಂಬುದೇ ತಿಳಿಯುವುದಿಲ್ಲ.

ಕೆಲಸ ಆಯ್ದುಕೊಳ್ಳುವಾಗ ನಿಮ್ಮ ಸ್ವಭಾವವನ್ನು ಮುಂದಿಟ್ಟುಕೊಳ್ಳಿ. ಹೊಲಿಗೆ, ಅಂಟು ಬಲ್ಲವರು ದುರಸ್ತಿ ಮೇಜಿಗೆ ಸೇರಬೇಕು. ಪಟ್ಟಿ, ಸಮಯ, ಸಂಖ್ಯೆಗಳ ಹಿಡಿತವಿರುವವರು ನೋಂದಣಿಗೆ. ಗಟ್ಟಿ ಮಂಡಿ, ಶಾಂತ ಧ್ವನಿ ಇರುವವರು ರಂಗದ ಮೆಟ್ಟಿಲಿಗೆ. ಸ್ಪರ್ಧೆಯನ್ನು ನೋಡುವ ಆಸೆ ಬಲವಾಗಿದ್ದರೆ ಟಿಕೆಟ್ ಕೊಂಡು ಸಭಾಂಗಣದಲ್ಲಿ ಕೂರಿ. ಚೌಕಿಯಲ್ಲಿದ್ದವರಿಗೆ ಕೇಳಿಸುವುದು ಚಪ್ಪಾಳೆ ಮಾತ್ರ.

ಎರಡನೆಯ ಹೆಜ್ಜೆ: ಅರ್ಜಿ, ಮತ್ತು ನೀವು ಕೇಳಬೇಕಾದ ಪ್ರಶ್ನೆಗಳು

"ನನಗೆ ಅನಿಮೆ (ಜಪಾನಿ ಅನಿಮೇಷನ್) ಎಂದರೆ ಪ್ರಾಣ" ಎಂದು ಎಲ್ಲರೂ ಬರೆಯುತ್ತಾರೆ. ಅದರ ಬದಲು ಕೈಕೆಲಸ ಬರೆಯಿರಿ: ಬಟ್ಟೆಗೆ ಕೈಹೊಲಿಗೆ ಹಾಕಬಲ್ಲೆ, ಪ್ರಥಮ ಚಿಕಿತ್ಸೆಯ ತರಬೇತಿ ಪಡೆದಿದ್ದೇನೆ, ಕನ್ನಡದ ಜೊತೆ ತಮಿಳು, ಹಿಂದಿ ಮಾತನಾಡುತ್ತೇನೆ, ಐದು ಗಂಟೆ ನಿಂತು ಕೆಲಸ ಮಾಡಬಲ್ಲೆ. ಆಯೋಜಕರು ಹುಡುಕುವುದು ಇಂಥದ್ದನ್ನು.

ಒಪ್ಪಿಕೊಳ್ಳುವ ಮುನ್ನ ನೀವೂ ಕೇಳಬೇಕು. ಪಾಳಿ ಎಷ್ಟು ಗಂಟೆಯದು? ಊಟ, ನೀರು ಯಾರದು? ಕೂರಲು ಜಾಗವಿದೆಯೇ? ರಾತ್ರಿ ಕೆಲಸ ಮುಗಿಯುವಾಗ ಮನೆಗೆ ಹೋಗುವ ವ್ಯವಸ್ಥೆ ಏನು? ತೊಂದರೆಯಾದಾಗ ಯಾರಿಗೆ ಹೇಳಬೇಕು, ಅವರ ಮೊಬೈಲ್ ಸಂಖ್ಯೆ ಏನು? ಒಮ್ಮೆ ನಾನು ಸಂಕೋಚಪಟ್ಟು ಏನನ್ನೂ ಕೇಳದೆ ಹೋಗಿ, ಬೆಳಗ್ಗೆ ಎಂಟರಿಂದ ರಾತ್ರಿ ಒಂಬತ್ತರವರೆಗೆ ಎರಡು ಬಾಳೆಹಣ್ಣಿನ ಮೇಲೆ ನಿಂತಿದ್ದೆ. ಹಸಿದವರು ಸಿಡುಕುತ್ತಾರೆ, ಸಿಡುಕುವವರನ್ನು ಸ್ಪರ್ಧಿಗಳು ಸಹಾಯ ಕೇಳುವುದಿಲ್ಲ. ಪುಕ್ಕಟೆ ಕೆಲಸವೆಂದು ಹೊಟ್ಟೆಯನ್ನು ಮರೆಯುವ ಆಯೋಜಕರಿಗೆ ಇಲ್ಲ ಎನ್ನುವುದರಲ್ಲಿ ತಪ್ಪಿಲ್ಲ. ವೈಟ್‌ಫೀಲ್ಡಿನವರೆಗೆ ನೇರಳೆ ಮಾರ್ಗದ ಮೆಟ್ರೊ 2023ರಿಂದ ಓಡುತ್ತಿರುವುದು ದೊಡ್ಡ ಅನುಕೂಲ. ಆದರೂ ಕೊನೆಯ ರೈಲಿನ ಹೊತ್ತನ್ನು ಆ ದಿನವೇ ನೋಡಿಕೊಳ್ಳಿ. ಬಹುಮಾನ ವಿತರಣೆ ಹೊತ್ತಿಗೆ ಸರಿಯಾಗಿ ಮುಗಿದದ್ದನ್ನು ನಾನಂತೂ ಕಂಡಿಲ್ಲ.

ಮೂರನೆಯ ಹೆಜ್ಜೆ: ನಿಮ್ಮ ಪೆಟ್ಟಿಗೆ

ಯಕ್ಷಗಾನ ಮೇಳಕ್ಕೆ ಪೆಟ್ಟಿಗೆ ಇರುವಂತೆ ದುರಸ್ತಿ ಮೇಜಿಗೂ ಒಂದು ಪೆಟ್ಟಿಗೆ ಬೇಕು. ಆಯೋಜಕರು ಕೊಡುತ್ತಾರೆಂದು ನಂಬಿ ಬರಿಗೈಯಲ್ಲಿ ಹೋಗಬೇಡಿ. ನನ್ನದರಲ್ಲಿ ಇರುವುದು: ಕಪ್ಪು, ಬಿಳಿ, ಕೆಂಪು ದಾರ ಪೋಣಿಸಿಟ್ಟ ಆರು ಸೂಜಿಗಳು (ಅವಸರದಲ್ಲಿ ದಾರ ಪೋಣಿಸಲು ಆಗುವುದಿಲ್ಲ, ಮನೆಯಲ್ಲೇ ಪೋಣಿಸಿಡಿ), ಮೂರು ಅಳತೆಯ ಪಿನ್ನುಗಳು, ಹುಕ್ಕು, ವೆಲ್‌ಕ್ರೊ, ಅಗಲ ಎಲಾಸ್ಟಿಕ್, ಎರಡು ಬದಿ ಅಂಟುವ ಟೇಪು, ಕಪ್ಪು ಗ್ಯಾಫರ್ ಟೇಪು (ಗಟ್ಟಿ ಬಟ್ಟೆಯ ಟೇಪು), ಪ್ಲಾಸ್ಟಿಕ್ ಕಟ್ಟುಪಟ್ಟಿಗಳು, ಸಣ್ಣ ಇಕ್ಕಳ, ಒಳ್ಳೆಯ ಕತ್ತರಿ, ಬ್ಲೇಡು, ಬಿಸಿ ಅಂಟಿನ ಗನ್ನು ಮತ್ತು ಕಡ್ಡಿಗಳು, ಫೋಮಿಗೆ ಹಚ್ಚುವ ರಬ್ಬರ್ ಅಂಟು, ಫೆವಿಕ್ವಿಕ್, ತಲೆಪಿನ್ನುಗಳು, ವಿಗ್ಗಿನ ಒಳಟೋಪಿ, ಸ್ಟ್ರಾಗಳು, ಒದ್ದೆ ಕಾಗದದ ಕರವಸ್ತ್ರ, ಸ್ಯಾನಿಟರಿ ಪ್ಯಾಡುಗಳು, ಕೈ ಬೀಸಣಿಗೆ, ಓಆರ್‌ಎಸ್ ಪೊಟ್ಟಣಗಳು, ಉದ್ದನೆಯ ವಿದ್ಯುತ್ ಎಕ್ಸ್‌ಟೆನ್ಶನ್ ಬೋರ್ಡು. ಜೊತೆಗೆ ಒಂದು ಸೀಸೆ ಕೊಬ್ಬರಿ ಎಣ್ಣೆ. ಯಕ್ಷಗಾನದ ಚೌಕಿಯಲ್ಲಿ ಬಣ್ಣ ತೆಗೆಯಲು ಕಲಾವಿದರು ಬಳಸುತ್ತಿದ್ದದ್ದು ಅದನ್ನೇ. ಮೊಂಡು ಬಣ್ಣದ ಮುಂದೆ ದುಬಾರಿ ದ್ರಾವಣ ಸೋತಾಗ ಅದು ಗೆದ್ದದ್ದನ್ನು ನೋಡಿದ್ದೇನೆ.

ಇವುಗಳಲ್ಲಿ ಹೆಚ್ಚಿನವು ಚಿಕ್ಕಪೇಟೆಯಲ್ಲೂ ಅವೆನ್ಯೂ ರಸ್ತೆಯಲ್ಲೂ ಒಂದು ಸುತ್ತಿನಲ್ಲಿ ಸಿಗುತ್ತವೆ. ದೀಪ ಉರಿಯುವ ವೇಷಗಳಿಗಾಗಿ ಎಸ್.ಪಿ. ರಸ್ತೆಯಿಂದ ಒಂದಷ್ಟು ಬಿಡಿ ವೈರು, ಇನ್ಸುಲೇಶನ್ ಟೇಪು, ಬ್ಯಾಟರಿ ತಂದಿಡಿ. ಬಟ್ಟೆ ಕಪ್ಪಾಗಿರಲಿ, ಬೂಟಿನ ಅಡಿ ಜಾರದಂತಿರಲಿ, ಉಂಗುರ ಬಳೆಗಳನ್ನು ಮನೆಯಲ್ಲೇ ಬಿಡಿ. ಯಾರದೋ ಮೂರು ತಿಂಗಳ ಜಾಲರಿ ಕೆಲಸ ನಿಮ್ಮ ಉಂಗುರಕ್ಕೆ ಸಿಕ್ಕಿ ಹರಿಯಬಾರದು. ಸುಗಂಧದ್ರವ್ಯವೂ ಬೇಡ. ಮುಖವಾಡದೊಳಗೆ ಇರುವವರಿಗೆ ಸಿಗುವ ಗಾಳಿಯೇ ಕಡಿಮೆ.

ನಾಲ್ಕನೆಯ ಹೆಜ್ಜೆ: ಹಿಂದಿನ ದಿನ ಅಳತೆಪಟ್ಟಿ ಹಿಡಿದು ನಡೆಯಿರಿ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ನನಗೆ ಕಲಿಸಿದ್ದು ಒಂದು ಜೋಡಿ ರೆಕ್ಕೆ. ಆರಡಿ ಅಗಲದ ರೆಕ್ಕೆ ಕಟ್ಟಿದ ಹುಡುಗಿಯೊಬ್ಬಳು ಚೌಕಿಯಲ್ಲಿ ಅಂದವಾಗಿ ನಿಂತಿದ್ದಳು. ರಂಗಕ್ಕೆ ಹೋಗುವ ಬಾಗಿಲು ಮೂರಡಿಯದು. ಅಡ್ಡ ತಿರುಗಿಸಿ ಒಯ್ಯೋಣವೆಂದರೆ ಬಾಗಿಲ ಹಿಂದೆಯೇ ಕಿರಿದಾದ ತಿರುವು. ಕೊನೆಗೆ ಸಾಮಾನು ತರುವ ಹಿಂಬಾಗಿಲಿನಿಂದ ಕಟ್ಟಡಕ್ಕೆ ಸುತ್ತು ಹಾಕಿಸಿ ಕರೆತಂದೆವು. ಅವಳ ಸರದಿ ಮೂರು ಸ್ಥಾನ ಹಿಂದೆ ಸರಿಯಿತು. ಅಂದಿನಿಂದ ನನ್ನ ಪೆಟ್ಟಿಗೆಯಲ್ಲಿ ಅಳತೆಪಟ್ಟಿ ಇದೆ.

ಚೌಕಿಯಿಂದ ರಂಗದವರೆಗೆ ಇಡೀ ದಾರಿಯನ್ನು ನಡೆಯಿರಿ. ಪ್ರತಿ ಬಾಗಿಲಿನ ಅಗಲ, ಎತ್ತರ ಬರೆದುಕೊಳ್ಳಿ. ಮೆಟ್ಟಿಲುಗಳನ್ನು ಎಣಿಸಿ, ಇಳಿಜಾರು ಇದೆಯೇ ನೋಡಿ. ನೆಲದ ಮೇಲೆ ಹಾದುಹೋದ ಕೇಬಲ್‌ಗಳನ್ನು ಟೇಪಿನಿಂದ ಮುಚ್ಚಿಸಿ. ಮೆಟ್ಟಿಲಿನ ಅಂಚಿಗೆ ಕತ್ತಲೆಯಲ್ಲಿ ಹೊಳೆಯುವ ಟೇಪು ಅಂಟಿಸಿ. ಶೌಚಾಲಯ ಎಷ್ಟು ದೂರ, ಅದರ ಬಾಗಿಲು ಎಷ್ಟು ಅಗಲ ಎಂಬುದನ್ನೂ ನೋಡಿ. ಆ ರಾತ್ರಿಯೇ ಸ್ಪರ್ಧಿಗಳ ಪಟ್ಟಿ ಹಿಡಿದು, ಅಗಲದ ವೇಷ, ಎತ್ತರದ ವೇಷ, ತೊಟ್ಟವರಿಗೆ ಕಣ್ಣು ಕಾಣದ ವೇಷ ಯಾವುವೆಂದು ಗುರುತು ಹಾಕಿ. ಅರ್ಜಿಯಲ್ಲೇ ವೇಷದ ಅಳತೆ ಕೇಳುವಂತೆ ಆಯೋಜಕರಿಗೆ ಮೊದಲೇ ಹೇಳಿದರೆ ಅರ್ಧ ಕಷ್ಟ ಅಲ್ಲಿಗೇ ತೀರುತ್ತದೆ.

ಹಾಡು, ಧ್ವನಿಮುದ್ರಣಗಳ ಕಡತಗಳಿಗೆ ಸ್ಪರ್ಧಿಯ ಸಂಖ್ಯೆಯನ್ನೇ ಹೆಸರಿನ ಮೊದಲಿಗೆ ಇಡಿಸಿ, ಎರಡು ಪೆನ್‌ಡ್ರೈವಿನಲ್ಲಿ ಇಡಿ.

ಐದನೆಯ ಹೆಜ್ಜೆ: ನೋಂದಣಿ ಮತ್ತು ಆಯುಧ ಪರೀಕ್ಷೆ

ಬಾಗಿಲಲ್ಲೇ ಕತ್ತಿ, ಕೋವಿ, ದಂಡಗಳ ಪರೀಕ್ಷೆ ನಡೆಯುತ್ತದೆ. ನಿಯಮ ಒಂದೊಂದು ಕಡೆ ಒಂದೊಂದು ಬಗೆ. ಆದರೂ ನಿಜವಾದ ಅಲಗು, ಬೆಂಕಿ, ಕಣ್ಣಿಗೆ ಹೊಡೆಯುವ ಲೇಸರು, ಚೆಲ್ಲುವ ದ್ರವ ಇವುಗಳಿಗೆ ಎಲ್ಲೆಡೆಯೂ ತಡೆ ಇದೆ ಎಂದೇ ತಿಳಿಯಿರಿ. ಪರೀಕ್ಷೆಯಾದ ಆಯುಧಕ್ಕೆ ಬಣ್ಣದ ಪಟ್ಟಿ ಕಟ್ಟಲಾಗುತ್ತದೆ. ಒರೆಯಿಂದ ಎಳೆಯಲಾಗದಂತೆ ಕತ್ತಿಯನ್ನು ಬಿಗಿದು ಕಟ್ಟುವುದೂ ಉಂಟು. ನಕಲಿ ಕೋವಿಯನ್ನು ರಸ್ತೆಯಲ್ಲಾಗಲಿ ಮೆಟ್ರೊದಲ್ಲಾಗಲಿ ಬಿಚ್ಚಿ ಹಿಡಿದು ಬರಬೇಡಿ, ಭಾಗಗಳಾಗಿ ಬಿಡಿಸಿ ಚೀಲದಲ್ಲಿ ತನ್ನಿ ಎಂದು ಸ್ಪರ್ಧಿಗಳಿಗೆ ವಾರದ ಮೊದಲೇ ತಿಳಿಸುವುದು ಕ್ಷೇಮ.

ಅಮೆರಿಕದ ಸಮಾವೇಶಗಳಲ್ಲಿ "ಕಡಲೆಕಾಯಿ ಬೆಣ್ಣೆ ಬೇಡ" ಎಂಬ ನಿಯಮ ಇಂದಿಗೂ ಪ್ರಸಿದ್ಧ. 1972ರ ಲಾಸ್ ಏಂಜಲೀಸ್ ಸಮಾವೇಶಕ್ಕೆ ಒಬ್ಬರು ಮೈಗೆಲ್ಲ ಕಡಲೆಕಾಯಿ ಬೆಣ್ಣೆ ಬಳಿದುಕೊಂಡು ಬಂದರು. ದೀಪಗಳ ಕಾವಿಗೆ ಅದು ನಾರತೊಡಗಿತು, ಪಕ್ಕದವರ ವೇಷಗಳಿಗೂ ಮೆತ್ತಿತು. ಇನ್ನೊಬ್ಬರ ಶ್ರಮಕ್ಕೆ ಮೆತ್ತುವ ಯಾವುದೂ ಚೌಕಿಯೊಳಗೆ ಬರಬಾರದು ಎಂಬುದು ಅದರ ತಾತ್ಪರ್ಯ. ಒಣಗದ ಬಣ್ಣ, ಉದುರುವ ಮಿನುಗುಪುಡಿ ಕಂಡಾಗ ಇದನ್ನು ನೆನೆಯಿರಿ.

ಯಾರಿಗಾದರೂ ಆಯುಧ ಒಳಗೆ ಬಿಡಲಾಗದು ಎಂದು ಹೇಳಬೇಕಾದಾಗ, ಮೊದಲು ಅದನ್ನು ಎರಡು ಕೈಗಳಿಂದ ತೆಗೆದುಕೊಂಡು ನೋಡಿ. ಕೆಲಸ ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನಿ. ಆಮೇಲೆ ಕಾರಣ ಹೇಳಿ, ಚೀಟಿ ಕೊಟ್ಟು ಜೋಪಾನವಾಗಿ ಇಡಿ.

ಆರನೆಯ ಹೆಜ್ಜೆ: ಚೌಕಿಯನ್ನು ನಡೆಸುವುದು

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಯಕ್ಷಗಾನದ ಚೌಕಿಯಲ್ಲಿ ಪೂಜೆಯಾಗುತ್ತದೆ, ಪ್ರತಿಯೊಬ್ಬ ಕಲಾವಿದನಿಗೂ ಅವನದೇ ಜಾಗವಿರುತ್ತದೆ. ಜಾಗ ಗೊತ್ತಿರುವುದರಿಂದಲೇ ಅಲ್ಲಿ ಗಲಿಬಿಲಿ ಇಲ್ಲ. ವಿಶ್ವ ವಿಜ್ಞಾನಕಥಾ ಸಮಾವೇಶಗಳ ವೇಷಸ್ಪರ್ಧೆಯಲ್ಲಿಯೂ ಇಂಥದೇ ಏರ್ಪಾಡು ಬೆಳೆದಿದೆ. ಸ್ಪರ್ಧಿಗಳನ್ನು ಸಣ್ಣ ಗುಂಪುಗಳಾಗಿ ಮಾಡಿ, ಗುಂಪಿಗೊಂದು ಜಾಗ, ಒಬ್ಬ ಪಾಲಕರನ್ನು ಗೊತ್ತುಮಾಡುತ್ತಾರೆ. ಆ ಗುಂಪನ್ನು ಡೆನ್ ಎಂದೂ ಪಾಲಕರನ್ನು ಡೆನ್ ಮದರ್ ಎಂದೂ ಕರೆಯುವುದು ರೂಢಿ. ಕನ್ನಡದಲ್ಲಿ ನಾನು ಅದನ್ನು ಬಿಡಾರ ಎನ್ನುತ್ತೇನೆ.

ಐದು ವೇಷಕ್ಕೆ ಒಬ್ಬ ಪಾಲಕರು ಇದ್ದರೆ ಕೆಲಸ ಸುಸೂತ್ರ. ಎಂಟು ದಾಟಿದರೆ ಯಾರೋ ಒಬ್ಬರು ನೀರಿಲ್ಲದೆ ಕುಳಿತಿರುತ್ತಾರೆ. ಬಿಡಾರದ ಐವರೂ ರಂಗಕ್ಕೆ ಹೋಗುವ ಕ್ರಮದಲ್ಲೇ ಕುಳಿತಿರಲಿ. ಗೋಡೆಗೆ ದೊಡ್ಡ ಅಕ್ಷರದಲ್ಲಿ ಸರದಿಪಟ್ಟಿ ಅಂಟಿಸಿ. ಕೂರಲಾಗದ ವೇಷಗಳಿರುತ್ತವೆ, ಬೆನ್ನಿಲ್ಲದ ಎತ್ತರದ ಸ್ಟೂಲುಗಳನ್ನು ಒಂದೆರಡು ತರಿಸಿಡಿ. ಬಾಲವಿರುವವರಿಗೂ ರೆಕ್ಕೆಯಿರುವವರಿಗೂ ಅದೊಂದೇ ಆಸನ.

ಪರಿಚಯ ಹೀಗಿರಲಿ: "ನಮಸ್ಕಾರ, ಈ ಸಂಜೆ ನಿಮ್ಮನ್ನು ನಾನು ನೋಡಿಕೊಳ್ಳುತ್ತೇನೆ. ನಿಮಗೆ ಎಷ್ಟು ಕಾಣುತ್ತದೆ? ಎಷ್ಟು ಕೇಳಿಸುತ್ತದೆ? ಕೈಬೆರಳು ಬಳಸಬಲ್ಲಿರಾ? ಆತಂಕವಾದರೆ ಯಾವುದನ್ನು ಮೊದಲು ಬಿಚ್ಚಬೇಕು, ಎಲ್ಲಿಂದ ಬಿಚ್ಚಬೇಕು?" ಕೊನೆಯ ಪ್ರಶ್ನೆಯನ್ನು ಎಂದೂ ಬಿಡಬೇಡಿ. ಬೆನ್ನ ಹಿಂದಿನ ಜಿಪ್ಪು ಯಾವ ಪದರದ ಕೆಳಗಿದೆ ಎಂಬುದು ಅವರು ಮಾತನಾಡಬಲ್ಲ ಸ್ಥಿತಿಯಲ್ಲಿ ಇರುವಾಗಲೇ ನಿಮಗೆ ತಿಳಿದಿರಬೇಕು.

ಮುಖವಾಡ ತೊಟ್ಟವರಿಗೆ ಪಕ್ಕದ ನೋಟ ಇರುವುದಿಲ್ಲ. ಯಾವಾಗಲೂ ಎದುರಿಗೆ ಬಂದು ಮಾತನಾಡಿ. ಕರೆದೊಯ್ಯುವಾಗ ಅವರನ್ನು ಹಿಡಿದು ದೂಡಬೇಡಿ, ನಿಮ್ಮ ಮೊಳಕೈಯನ್ನು ಅವರಿಗೆ ಕೊಡಿ. ಅರ್ಧ ಹೆಜ್ಜೆ ಮುಂದೆ ನಡೆಯಿರಿ. "ಮೂರು ಮೆಟ್ಟಿಲು ಇಳಿಯುವುದಿದೆ. ಒಂದು, ಎರಡು, ಇದು ಕೊನೆಯದು" ಎಂದು ಹೇಳುತ್ತಲೇ ಇರಿ. ಗದ್ದಲದಲ್ಲಿ ಕೇಳಿಸದಿದ್ದರೆ ಕೈಸನ್ನೆ ಮೊದಲೇ ಗೊತ್ತುಮಾಡಿಕೊಳ್ಳಿ: ಭುಜಕ್ಕೆ ಒಂದು ತಟ್ಟು ಎಂದರೆ ನಿಲ್ಲು, ಎರಡು ತಟ್ಟು ಎಂದರೆ ನಡೆ.

ಶೌಚಾಲಯದ ವಿಷಯವನ್ನು ನೀವೇ ಎತ್ತಬೇಕು. ಸ್ಪರ್ಧಿಗಳು ನಾಚಿಕೆಯಿಂದ ನೀರು ಕುಡಿಯುವುದನ್ನೇ ನಿಲ್ಲಿಸುತ್ತಾರೆ, ಆಮೇಲೆ ತಲೆ ತಿರುಗಿ ಬೀಳುತ್ತಾರೆ. ಸರದಿಗೆ ಒಂದು ಗಂಟೆ ಮೊದಲು ಒಬ್ಬೊಬ್ಬರನ್ನೇ ಹತ್ತಿರ ಹೋಗಿ ಕೇಳಿ. ಪೂರ್ತಿ ಮೈಯುಡುಪಿನವರಿಗೆ ಬಿಚ್ಚಿ ತೊಡಲು ಇಪ್ಪತ್ತು ನಿಮಿಷ ಹಿಡಿಯಬಹುದು. ಆ ಲೆಕ್ಕ ಸರದಿಪಟ್ಟಿಯಲ್ಲಿ ಇರಬೇಕು.

ಊಟಕ್ಕೆ ಒಣ ತಿಂಡಿ, ಒಂದೇ ತುತ್ತಿನಲ್ಲಿ ಮುಗಿಯುವಂಥದ್ದು: ಬಾಳೆಹಣ್ಣಿನ ಹೋಳು, ಮಿನಿ ಇಡ್ಲಿ, ಬಿಸ್ಕತ್ತು. ಸಾಂಬಾರು, ಅರಿಸಿನದ ಚಿತ್ರಾನ್ನ ಚೌಕಿಯೊಳಗೆ ಬೇಡವೇ ಬೇಡ. ನೀರು ಸ್ಟ್ರಾದಲ್ಲಿ ಕೊಡಿ, ತುಟಿಯ ಬಣ್ಣ ಉಳಿಯುತ್ತದೆ. ಕೈ ಬಳಸಲಾಗದವರಿಗೆ ನೀವೇ ತಿನ್ನಿಸಬೇಕಾಗುತ್ತದೆ. ಅಪರಿಚಿತರಿಗೆ ತುತ್ತು ಕೊಡುವುದರಲ್ಲಿ ಒಂದು ಸಂಕೋಚವಿದೆ. ಎರಡನೆಯ ತುತ್ತಿಗೆ ಅದು ಹೋಗುತ್ತದೆ.

ಏಳನೆಯ ಹೆಜ್ಜೆ: ದುರಸ್ತಿ ಮೇಜು

ವೇಷ ಮುರಿದಾಗ ಮೊದಲು ಗಡಿಯಾರ ನೋಡಿ, ಆಮೇಲೆ ಮುರಿದ ಜಾಗ ನೋಡಿ. ಯಾವ ದುರಸ್ತಿ ಎಂಬುದನ್ನು ಉಳಿದ ಸಮಯವೇ ನಿರ್ಧರಿಸುತ್ತದೆ. ಅರ್ಧ ಗಂಟೆಗಿಂತ ಹೆಚ್ಚಿದ್ದರೆ ರಬ್ಬರ್ ಅಂಟು. ಅದನ್ನು ಎರಡೂ ಬದಿಗೆ ತೆಳುವಾಗಿ ಹಚ್ಚಿ, ಮುಟ್ಟಿದರೆ ಕೈಗೆ ಹತ್ತದಷ್ಟು ಒಣಗಲು ಬಿಟ್ಟು, ಆಮೇಲೆ ಒಮ್ಮೆಗೇ ಒತ್ತಬೇಕು. ಹಸಿಯಾಗಿರುವಾಗಲೇ ಒತ್ತಿದರೆ ರಂಗದ ಮೇಲೆ ಬಿಚ್ಚಿಕೊಳ್ಳುತ್ತದೆ. ಅದರ ಘಾಟು ತಲೆಗೇರುವಂಥದ್ದು, ಕಿಟಕಿಯ ಬಳಿ ಅಥವಾ ಹೊರಗೆ ಹಚ್ಚಿ. ಹತ್ತು ನಿಮಿಷವಿದ್ದರೆ ಬಿಸಿ ಅಂಟು ಇಲ್ಲವೇ ಸೂಜಿ. ಎರಡು ನಿಮಿಷವಿದ್ದರೆ ಪಿನ್ನು, ಟೇಪು, ಕಟ್ಟುಪಟ್ಟಿ. ಅರ್ಧ ನಿಮಿಷವಿದ್ದರೆ "ಎಡಗೈಯಿಂದ ಹೀಗೆ ಹಿಡಿದುಕೊಂಡು ನಡೆಯಿರಿ, ಅದು ಪಾತ್ರದ ಠೀವಿಯಂತೆಯೇ ಕಾಣುತ್ತದೆ" ಎಂದು ಹೇಳಿ. ಆ ಸಲಹೆಯಿಂದ ಉಳಿದ ವೇಷಗಳನ್ನು ನಾನು ನೋಡಿದ್ದೇನೆ.

ಬಿಸಿ ಅಂಟನ್ನಾಗಲಿ ಫೆವಿಕ್ವಿಕ್ಕನ್ನಾಗಲಿ ಮೈಮೇಲಿರುವ ವೇಷಕ್ಕೆ ನೇರವಾಗಿ ಹಾಕಬಾರದು. ಭಾಗವನ್ನು ಕಳಚಿಸಿ. ಕಳಚಲಾಗದಿದ್ದರೆ ಸೂಜಿ, ಟೇಪುಗಳಲ್ಲೇ ನಿಭಾಯಿಸಿ. ಫೆವಿಕ್ವಿಕ್ಕಿನ ಬಗೆಗೆ ಇನ್ನೊಂದು ಎಚ್ಚರಿಕೆ: ಆ ಜಾತಿಯ ಅಂಟು ಹತ್ತಿಬಟ್ಟೆಗೆ ಹೀರಿಕೊಂಡರೆ ತಟ್ಟನೆ ಕಾಯುತ್ತದೆ, ಚರ್ಮ ಸುಡುವಷ್ಟು. ಹತ್ತಿಯ ಕೈಗವಸು ಹಾಕಿಕೊಂಡು ಅದನ್ನು ಬಳಸುವುದೂ ಅಪಾಯ.

ಕಾರಿನಲ್ಲಿ ಬಿಸಿಲಿಗೆ ಬಿಟ್ಟ ಫೋಮಿನ ಕವಚ ಸೊಟ್ಟಗಾಗಿ ಬರುವುದು ಸಾಮಾನ್ಯ. ಹೇರ್ ಡ್ರೈಯರಿನಿಂದ ಹದವಾಗಿ ಬಿಸಿ ಮಾಡಿ, ಬೇಕಾದ ಆಕಾರಕ್ಕೆ ಒತ್ತಿ ಹಿಡಿದು ಆರಲು ಬಿಟ್ಟರೆ ಮರಳುತ್ತದೆ. ಬಣ್ಣ ಬಿರುಕು ಬಿಡುವ ಸಂಭವವಿದೆ, ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ದೀಪ ಹತ್ತದಿದ್ದರೆ ಮೊದಲು ಬ್ಯಾಟರಿ, ನಂತರ ಅದರ ತುದಿಗಳ ಸಂಪರ್ಕ, ಕೊನೆಗೆ ವೈರು ನೋಡಿ. ಉಬ್ಬಿದ ಲಿಥಿಯಂ ಬ್ಯಾಟರಿ ಕಂಡರೆ ಕೂಡಲೇ ಹೊರಗೆ ತೆಗೆಯಿಸಿ, ಆ ದೀಪ ಇಲ್ಲದೆಯೇ ರಂಗಕ್ಕೆ ಹೋಗಲಿ. ಕಣ್ಣಿನ ಬಣ್ಣದ ಲೆನ್ಸನ್ನು ಅವರೇ ಕೈ ತೊಳೆದು ತೆಗೆಯಬೇಕು, ಹಾಕಬೇಕು. ನೀವು ಕನ್ನಡಿ ಹಿಡಿಯಿರಿ, ಸಾಕು.

ಅತ್ತವರನ್ನು ಸಮಾಧಾನಪಡಿಸುವುದೂ ಈ ಮೇಜಿನ ಕೆಲಸ. ಆರು ತಿಂಗಳ ಶ್ರಮ ಬಸ್ಸಿನಲ್ಲಿ ಮುರಿದಾಗ ಯಾರಿಗಾದರೂ ಕಣ್ಣೀರು ಬರುತ್ತದೆ. "ಅಳಬೇಡಿ" ಎನ್ನುವುದರಿಂದ ಪ್ರಯೋಜನವಿಲ್ಲ. ಮುರಿದ ತುಂಡಿನ ಒಂದು ತುದಿಯನ್ನು ಅವರ ಕೈಗೇ ಕೊಟ್ಟು "ಇದನ್ನು ಹೀಗೆ ಗಟ್ಟಿಯಾಗಿ ಹಿಡಿಯಿರಿ" ಎನ್ನಿ. ಕೈಗೆ ಕೆಲಸ ಸಿಕ್ಕರೆ ಉಸಿರು ಹದಕ್ಕೆ ಬರುತ್ತದೆ.

ಎಂಟನೆಯ ಹೆಜ್ಜೆ: ಸೆಕೆ

ಫೋಮು ಗಾಳಿಯಾಡದ ವಸ್ತು. ಅದರೊಳಗೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಸಭಾಂಗಣ ತಂಪಾಗಿದ್ದರೂ ಕವಚದೊಳಗೆ ಬೇಸಿಗೆಯೇ. ತಲೆನೋವು, ವಾಕರಿಕೆ, ತಲೆಸುತ್ತು, ಕಾಲು ಸೆಳೆತ ಇವು ಮೊದಲ ಸೂಚನೆಗಳು. ಹೀಗಾದವರನ್ನು ಕೂಡಲೇ ಕೂರಿಸಿ, ಮುಖವಾಡ ಮತ್ತು ಎದೆಕವಚ ಬಿಚ್ಚಿಸಿ, ಬೀಸಣಿಗೆ ಬೀಸಿ, ಓಆರ್‌ಎಸ್ ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಸಿ. ಮಾತು ತೊದಲಿದರೆ, ಎಲ್ಲಿದ್ದೇನೆಂದು ಗೊತ್ತಾಗದಿದ್ದರೆ, ಪ್ರಜ್ಞೆ ತಪ್ಪಿದರೆ ಅದು ಶಾಖಾಘಾತ. 108ಕ್ಕೆ ಕರೆ ಮಾಡಿ. ಕತ್ತು, ಕಂಕುಳು, ತೊಡೆಸಂದುಗಳಿಗೆ ತಣ್ಣೀರಿನ ಬಟ್ಟೆ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. ವೇಷ ಬಿಚ್ಚಲು ಬರದಿದ್ದರೆ ಕತ್ತರಿಸಿ. ಎಷ್ಟೇ ಸುಂದರವಾದ ವೇಷವಾದರೂ ಆಗ ಅದು ಬರಿಯ ಬಟ್ಟೆ.

ಇನ್ನೊಂದು ಮಾತು: ಸರದಿಗಾಗಿ ಕಾದು ಕುಳಿತವರನ್ನು ಅರ್ಧ ಗಂಟೆಗೊಮ್ಮೆ ಮುಖವಾಡ ತೆಗೆಯಿಸಿ. ಅವರು ಬೇಡವೆಂದರೂ ಪ್ರೀತಿಯಿಂದ ಒತ್ತಾಯಿಸಿ.

ಒಂಬತ್ತನೆಯ ಹೆಜ್ಜೆ: ಮುಟ್ಟುವ ಮುನ್ನ ಕೇಳುವುದು

ಪ್ರತಿ ಬಾರಿಯೂ ಕೇಳಿ. "ಬೆನ್ನಿನ ಪಿನ್ನು ಸರಿಪಡಿಸಲೇ?" "ಸೊಂಟದ ಪಟ್ಟಿ ಹಿಡಿಯಲೇ?" ಕೈಕಟ್ಟಿದಂತಿರುವವರು ಬೇಡವೆಂದು ತಳ್ಳಲೂ ಆಗದ ಸ್ಥಿತಿಯಲ್ಲಿರುತ್ತಾರೆ, ಆದ್ದರಿಂದ ಅವರ ಬಾಯಿಮಾತಿಗೆ ಎರಡು ಪಟ್ಟು ಬೆಲೆ ಕೊಡಬೇಕು. ಯಾರ ಸಹಾಯ ಬೇಕು, ಹೆಂಗಸರದೋ ಗಂಡಸರದೋ ಎಂಬುದನ್ನು ಅವರೇ ಹೇಳಲಿ. ಬಟ್ಟೆ ಬದಲಿಸುವ ಜಾಗಕ್ಕೆ ಮೊಬೈಲ್ ಒಯ್ಯಬೇಡಿ. ಚೌಕಿಯೊಳಗಿನ ಫೋಟೊಗಳನ್ನು ನಿಮ್ಮ ಸ್ನೇಹಿತರಿಗೂ ಕಳಿಸಬೇಡಿ. ಅರ್ಧ ಕಟ್ಟಿದ ವೇಷವನ್ನು ಲೋಕಕ್ಕೆ ತೋರಿಸುವ ಹಕ್ಕು ಕಟ್ಟಿಕೊಂಡವರದು ಮಾತ್ರ.

2014ರಲ್ಲಿ ನ್ಯೂಯಾರ್ಕ್ ಕಾಮಿಕ್ ಕಾನ್ "ಕಾಸ್‌ಪ್ಲೇ ಎಂದರೆ ಸಮ್ಮತಿಯಲ್ಲ" ಎಂಬ ದೊಡ್ಡ ಫಲಕಗಳನ್ನು ನಿಲ್ಲಿಸಿತು. ಅದರ ಅಗತ್ಯ ಇಲ್ಲಿಯೂ ಇದೆ. ಸ್ಪರ್ಧಿಯೊಬ್ಬಳು ಹಜಾರದಲ್ಲಿ ಯಾರೋ ಸೊಂಟಕ್ಕೆ ಕೈಹಾಕಿದರೆಂದು ಹೇಳಿದಾಗ "ನಿಜವೇ?" ಎಂದು ಕೇಳಬೇಡಿ. ಅವಳ ಪಕ್ಕದಲ್ಲಿ ನಿಲ್ಲಿ, ಹೊತ್ತು ಮತ್ತು ಜಾಗ ಬರೆದುಕೊಳ್ಳಿ, ಭದ್ರತಾ ಸಿಬ್ಬಂದಿಯನ್ನು ಕರೆಯಿರಿ. ಪೊಲೀಸರು ಬೇಕೇ ಎಂಬ ನಿರ್ಧಾರ ಅವಳದಾಗಿರಲಿ. 112 ಎಂಬ ಸಂಖ್ಯೆ ಎಲ್ಲರ ಬ್ಯಾಡ್ಜಿನ ಹಿಂದೆ ಇರಲಿ. ಮಕ್ಕಳ ವೇಷಗಳಿದ್ದರೆ ತಂದೆತಾಯಿಯರಲ್ಲಿ ಒಬ್ಬರು ಚೌಕಿಯಲ್ಲೇ ಇರಬೇಕೆಂದು ಪಟ್ಟುಹಿಡಿಯಿರಿ.

ಹತ್ತನೆಯ ಹೆಜ್ಜೆ: ತೀರ್ಪುಗಾರರ ಕೋಣೆ

ಹೊಲಿಗೆ, ಕೈಕೆಲಸದ ಗುಣವನ್ನು ಕೆಲವು ತೀರ್ಪುಗಾರರು ಚೌಕಿಯ ಬಳಿಯೇ ಹತ್ತಿರದಿಂದ ನೋಡುತ್ತಾರೆ. ಅಂತರರಾಷ್ಟ್ರೀಯ ವೇಷಕಾರರ ಸಂಘದ ಮಾರ್ಗಸೂಚಿ ಅನುಸರಿಸುವ ಕಡೆಗಳಲ್ಲಿ ಹೊಸಬರು, ಪಳಗಿದವರು, ನುರಿತವರು ಎಂಬ ಮೂರು ವರ್ಗಗಳಿರುತ್ತವೆ. ಮೇಲಿನ ವರ್ಗಕ್ಕೆ ಯಾರು ಬೇಕಾದರೂ ಏರಬಹುದು. ನಿಮ್ಮ ಕೆಲಸ ಸರದಿ ನೋಡಿ ಕರೆದೊಯ್ಯುವುದಷ್ಟೇ. ಅಭಿಪ್ರಾಯ ನಿಮ್ಮಲ್ಲೇ ಇರಲಿ.

ಹನ್ನೊಂದನೆಯ ಹೆಜ್ಜೆ: ರಂಗದ ಅಂಚು

ರಂಗದ ಮೆಟ್ಟಿಲ ಬಳಿ ಕಪ್ಪುಡುಪಿನಲ್ಲಿ ನಿಂತು ಹತ್ತಿಸುವ ಇಳಿಸುವ ಸ್ವಯಂಸೇವಕರನ್ನು ಅಮೆರಿಕದ ಸಮಾವೇಶಗಳವರು ನಿಂಜಾ ಎನ್ನುತ್ತಾರೆ. ಹತ್ತುವ ಬದಿಗೆ ಇಬ್ಬರು, ಇಳಿಯುವ ಬದಿಗೆ ಇಬ್ಬರು ಬೇಕು. ಹೆಚ್ಚಿನ ಅಪಾಯ ಇಳಿಯುವಲ್ಲಿದೆ. ಪ್ರಖರ ಬೆಳಕಿನಿಂದ ಕತ್ತಲೆಗೆ ಬಂದವರಿಗೆ ಕ್ಷಣಕಾಲ ಏನೂ ಕಾಣುವುದಿಲ್ಲ. ಚಪ್ಪಾಳೆಯ ಸಂತೋಷದಲ್ಲಿ ಮೆಟ್ಟಿಲು ಮರೆತಿರುತ್ತದೆ. ಗಟ್ಟಿಗರನ್ನು ಅಲ್ಲಿಗೇ ನಿಲ್ಲಿಸಿ. ಟಾರ್ಚನ್ನು ಸ್ಪರ್ಧಿಗಳ ಮುಖಕ್ಕಲ್ಲ, ಪಾದಕ್ಕೆ ಹಿಡಿಯಿರಿ. ಉದ್ದ ಲಂಗದ ಅಂಚನ್ನು ಎತ್ತಿ ಹಿಡಿಯಿರಿ, ಮೇಲೆ ತಲುಪಿದ ಮೇಲೆ ಬಿಡಿ.

ವಾಕಿಟಾಕಿಯಲ್ಲಿ ಮೊದಲು ಯಾರಿಗೆ, ಆಮೇಲೆ ಯಾರಿಂದ, ಆಮೇಲೆ ವಿಷಯ: "ಧ್ವನಿ, ಇದು ಚೌಕಿ. ಹದಿನಾಲ್ಕರ ನಂತರ ಹದಿನಾರು, ಹದಿನೈದು ತಡ." ಕೇಳಿಸಿಕೊಂಡವರು ಸಂಖ್ಯೆಯನ್ನು ತಿರುಗಿ ಹೇಳಬೇಕು. ನಿರೂಪಕರಿಗೂ ಬದಲಾವಣೆ ಮುಟ್ಟಿತೇ ಎಂದು ಒಬ್ಬರು ನಡೆದುಹೋಗಿ ಖಚಿತಪಡಿಸಿಕೊಳ್ಳಲಿ. ತಪ್ಪು ಹೆಸರು ಕರೆಯಿಸಿಕೊಂಡು ರಂಗಕ್ಕೆ ಬಂದ ಸ್ಪರ್ಧಿಯ ಮುಖ ನೋಡಲಾಗದು.

ಹನ್ನೆರಡನೆಯ ಹೆಜ್ಜೆ: ಬಿಚ್ಚುವುದು

ಸ್ಪರ್ಧೆ ಮುಗಿದ ಕೂಡಲೇ ಅರ್ಧ ಸ್ವಯಂಸೇವಕರು ಸಭಾಂಗಣಕ್ಕೆ ಓಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಟ್ಟಲು ಮೂವರು ಬೇಕಾದ ವೇಷಕ್ಕೆ ಬಿಚ್ಚಲೂ ಇಬ್ಬರು ಬೇಕು. ಗೆಲ್ಲದವರು ಸದ್ದಿಲ್ಲದೆ ಮೂಲೆಗೆ ಬಂದು ಒಬ್ಬರೇ ಜಿಪ್ಪಿಗೆ ತಡಕಾಡುತ್ತಿರುತ್ತಾರೆ. ಮೊದಲು ಅವರ ಬಳಿಗೆ ಹೋಗಿ. ನೀರು ಕೊಡಿ, ಕವಚ ಇಳಿಸಿ, ನಿಮಗೆ ನಿಜವಾಗಿ ಮೆಚ್ಚಿಗೆಯಾದ ಒಂದು ಕುಶಲತೆಯನ್ನು ಹೆಸರಿಸಿ ಹೇಳಿ: "ಭುಜದ ಮಡಿಕೆಗೆ ಒಳಗಿನಿಂದ ಎಲಾಸ್ಟಿಕ್ ಕೊಟ್ಟಿದ್ದೀರಲ್ಲ, ಅದನ್ನು ನಾನು ಬೇರೆಲ್ಲೂ ನೋಡಿಲ್ಲ." ಹತ್ತಿರದಿಂದ ನೋಡಿದವರು ನೀವು, ತೀರ್ಪುಗಾರರಿಗೂ ಕಾಣದ್ದು ನಿಮಗೆ ಕಂಡಿರುತ್ತದೆ.

ಆಮೇಲೆ ನೆಲ ಗುಡಿಸಿ, ಪಿನ್ನುಗಳನ್ನು ಎಣಿಸಿ ಆರಿಸಿಕೊಳ್ಳಿ. ಬರಿಗಾಲಿನಲ್ಲಿ ನಡೆಯುವವರು ಇರುತ್ತಾರೆ. ಬಿಟ್ಟುಹೋದ ಕಿವಿಯೋಲೆ, ಉಗುರು, ಬಾಲಗಳನ್ನು ಸಂಖ್ಯೆ ಬರೆದ ಚೀಲಗಳಲ್ಲಿ ಹಾಕಿ ನೋಂದಣಿ ಮೇಜಿಗೆ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಸಹಿ ಪಡೆಯಿರಿ. ಮನೆ ತಲುಪುವ ಮೊದಲೇ, ಮೆಟ್ರೊದಲ್ಲಿ ಕುಳಿತೇ, ಆ ದಿನ ಏನು ಸಾಲದಾಯಿತೆಂದು ಬರೆದಿಡಿ. ನನ್ನ ಹೋದ ಬಾರಿಯ ಟಿಪ್ಪಣಿಯಲ್ಲಿ ಮೂರೇ ಸಾಲುಗಳಿವೆ: ಎತ್ತರದ ಸ್ಟೂಲು ಇನ್ನೆರಡು. ಸ್ಟ್ರಾ ದುಪ್ಪಟ್ಟು. ಐಸ್‌ಕ್ರೀಮ್ ಕಡ್ಡಿ, ಹತ್ತಿ ಸುತ್ತಿದ್ದು, ಹತ್ತು.